ಮದುಮಗಳ ಪ್ರವಾಸಕ್ಕೊಂದು ತಾಲೀಮು

ನಮ್ಮ ಅತ್ತೆ ಹುಟ್ಟುವ ಮುನ್ನವೇ ಒಂದು ಸಲ ಬಂದು ಮನೆ, ಬಚ್ಚಲು, ಹಿತ್ತಿಲು ಎಲ್ಲ ನೋಡಿಕೊಂಡು ಹೋಗಿರಬೇಕು ಎಂಬುದು ನನ್ನ ಬಲವಾದ ಗುಮಾನಿ! ಮೊದಲೊಮ್ಮೆ ತಾಲೀಮು ಮಾಡದೆ ಆಕೆ ಕೈಹಾಕಿದ ಕೆಲಸ ಒಂದಾದರೂ ಇದ್ದರೆ ತೋರಿಸಿ, ನೋಡೋಣ. ಮದುವೆಯೂಟಕ್ಕೆ ಕರೆದರೆ ಹಿಂದಿನ ದಿನವೇ ಆ ಊರಿಗೆ ಹೋಗಿ, ಊಟದ ಹೊತ್ತಿಗೆ ಹಂದರದ ನೆರಳು ಯಾವ ಕಡೆ ಬೀಳುತ್ತದೆಂದು ಗುರುತು ಹಾಕಿ ಬರುತ್ತಿದ್ದಳು. ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮೊದಲು ಎರಡು ದಿನ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡಿದಳು. ಸಾರಿಗೆ ಖಾರ ಎರಡೆರಡು ಸಲ ಬಿತ್ತು. ಅದೂ ಬ್ಯಾಡಗಿಯಲ್ಲಿ! "ಆಪರೇಶನ್ ಆಕಿದು, ಕಣ್ಣಾಗ ನೀರು ನಮಗ" ಎಂದು ಮಾವನವರು ಊಟದ ನಡುವೆಯೇ ಎದ್ದು ಮಜ್ಜಿಗೆ ಹುಡುಕಿದರಂತೆ.

ಈ ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬ್ಯಾಡಗಿಯಲ್ಲೇ ಹುಟ್ಟಿದವಳು, ಎರಡು ಓಣಿಯಾಚೆಗೆ ಕೊಟ್ಟದ್ದು. ಮೆಣಸಿನಕಾಯಿ ಪೇಟೆಯಲ್ಲಿ ಹತ್ತು ಹಮಾಲರನ್ನು ಒಂದೇ ಗದರಿಕೆಗೆ ನಿಲ್ಲಿಸುತ್ತಿದ್ದ ನಮ್ಮಪ್ಪ ಈಕೆಯೆದುರು ಮಾತ್ರ ತೊಟ್ಟು ಮುರಿದ ಕಾಯಿ. ಅದು ನನಗೆ ಚೆನ್ನಾಗಿ ಗೊತ್ತಿದ್ದದ್ದರಿಂದಲೇ ನನ್ನ ಅರ್ಜಿಯನ್ನು ಆಕೆಗೆ ಸಲ್ಲಿಸಿದೆ.

ಅರ್ಜಿ ಏನೆಂದರೆ, ನನ್ನ ಮದುವೆ ಹಾವೇರಿಯ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಕಾಲ. ಮೊಬೈಲು ಇನ್ನೂ ಅಪ್ಪನ ಅಂಗಿಯ ಜೇಬಿನವರೆಗೆ ಮಾತ್ರ ಬಂದಿತ್ತು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ನಾವು ನಾಲ್ವರು, ಮದುವೆಗೆ ಮೊದಲು ಎರಡು ದಿನ ಹುಬ್ಬಳ್ಳಿಗೆ ಹೋಗಿ ಮನಸಾರೆ ತಿರುಗಬೇಕೆಂದು ಆಸೆಪಟ್ಟಿದ್ದೆವು. "ನಾಕೇ ಮಂದಿ. ದೊಡ್ಡಾವರು ಯಾರೂ ಬ್ಯಾಡ. ಆಮ್ಯಾಲೆ ನೀ ಯಾರ ಮನ್ಯಾಗೋ, ನಾವು ಯಾರ ಮನ್ಯಾಗೋ!" ಎಂದಿದ್ದಳು ರಾಣೆಬೆನ್ನೂರಿನ ಶೋಭಾ. ನನಗೂ ಅದೇ ಭಯ. ಈ ಎರಡು ದಿನ ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂದು ಒಳಗೆಲ್ಲೋ ಅನಿಸುತ್ತಿತ್ತು.

ಅಪ್ಪ ಕೇಳಿದ್ದೇ ತಡ, ಸಿಡಿದರು. "ನಾಳೆ ಅರಿಷಿಣ ಹಚ್ಚೋ ಹುಡುಗಿ ಊರೂರು ತಿರಗತಾಳೇನು? ಬೀಗರು ಕೇಳಿದ್ರ ಏನ್ ಹೇಳಲಿ?"

"ಅಭ್ಯಾಸ ಮಾಡಾಕ ಹೋಗ್ಯಾಳ ಅಂತ ಹೇಳು" ಎಂದಳು ಅತ್ತೆ.

"ಎದರ ಅಭ್ಯಾಸ?"

"ಮನಿ ಬಿಟ್ಟಿರೋದರದು! ನಾ ಜವಾಬ್ದಾರಿ, ಸುಮ್ನಿರು."

ಅಪ್ಪ ಕೊನೆಗೆ ಒಂದು ಕರಾರು ಹಾಕಿದರು. ರವಿವಾರ ಸಂಜೆ ಎಂಟಕ್ಕೆ ಹುಡುಗಿ ಮನೆಯಲ್ಲಿರಬೇಕು. ಒಂದು ನಿಮಿಷ ತಡವಾದರೂ ಅಕ್ಕನ ಮಾತನ್ನು ಇನ್ನು ಮುಂದೆ ಕೇಳುವುದಿಲ್ಲ. ಅತ್ತೆ ದೇವರ ಜಗುಲಿ ಮುಟ್ಟಿ ಮಾತು ಕೊಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ! ನನ್ನ ಒಬ್ಬೊಬ್ಬ ಗೆಳತಿಯನ್ನೂ ಕರೆದು ಕೂಡಿಸಿಕೊಂಡು, ಹೆಣ್ಣು ನೋಡಲು ಬಂದವರೂ ಕೇಳದ ಪ್ರಶ್ನೆಗಳನ್ನು ಕೇಳಿದಳು. ಶೋಭಾಗೆ ಬಸ್ಸಿನಲ್ಲಿ ವಾಂತಿ. ಕದರಮಂಡಲಗಿಯ ಸುಮಂಗಲಾಗೆ ಶನಿವಾರ ಹನುಮಪ್ಪನ ಒಪ್ಪತ್ತು. ಮೇಲಾಗಿ ಆಕೆ ಖಾರ ತಿನ್ನುವುದಿಲ್ಲ. ಗುತ್ತಲದ ಗಿರಿಜಾಗೆ ಚಿಕ್ಕಂದಿನಿಂದ ಒಂದು ಕಾಲು ಸ್ವಲ್ಪ ಸೋತದ್ದು, ಆದರೆ ಅದರ ಮಾತೆತ್ತಿದರೆ ಆಕೆಗೆ ಸೇರದು. ಅತ್ತೆ ಅದನ್ನು ಕೇಳಲೂ ಇಲ್ಲ. ಆಕೆ ಮನೆಯ ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ನೋಡಿ ಒಳಗೆ ಬಂದು ಪಟ್ಟಿಯಲ್ಲಿ ಏನೋ ಬರೆದುಕೊಂಡಳು.

ಮುಂದಿನ ಶನಿವಾರ ಅತ್ತೆ ಮಾಯ! ಎಲ್ಲಿಗೆಂದರೆ ಹುಬ್ಬಳ್ಳಿಗೆ, ನಮ್ಮ ಪ್ರವಾಸದ ತಾಲೀಮಿಗೆ! ಒಬ್ಬಳೇ ಹೋಗಿದ್ದರೆ ಸರಿ, ನಮ್ಮ ನಾಲ್ವರ ಪಾತ್ರಕ್ಕೆ ನಾಲ್ಕು ಜನ ಬೇಕೆಂದು ಮೂವರು ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು ಹೋಗಿದ್ದಳು. ಯಾರೆಂದರೆ "ಗುರ್ತಿನವರು" ಎಂದಳು, ಅಷ್ಟೇ. ಅವರಲ್ಲಿ ಒಬ್ಬಾಕೆ ಒಪ್ಪತ್ತು ಮಾಡಬೇಕಿತ್ತು, ಒಬ್ಬಾಕೆ ನಿಧಾನ ನಡೆಯಬೇಕಿತ್ತು, ಇನ್ನೊಬ್ಬಾಕೆ ಬಸ್ಸಿನಲ್ಲಿ ವಾಂತಿ ಮಾಡಬೇಕಿತ್ತು.

"ಆಕಿ ಮಾಡಲೇ ಇಲ್ಲ!" ಎಂದು ತಿರುಗಿ ಬಂದ ಅತ್ತೆ ಕಿಡಿಕಾರಿದಳು. "ಬಾಯಾಗ ನಿಂಬಿಹಣ್ಣು ಇಟ್ಕೊಂಡು, ಕಿಡಕ್ಯಾಗ ಮಾರಿ ಹಾಕ್ಕೊಂಡು ಆರಾಮ ಕುಂತಬಿಟ್ಲು. ಹಿಂಗಾದ್ರ ಪರೀಕ್ಷಾ ಹೆಂಗ ಆಗಬೇಕು?"

"ಮತ್ತ ಮದುಮಗಳು ಯಾರಾಗಿದ್ರು ಅತ್ತೀ?"

"ನಾನ! ಮತ್ಯಾರು?" ಎಂದು ಐವತ್ತೆಂಟರ ಅತ್ತೆ ಸೆರಗು ಸರಿಮಾಡಿಕೊಂಡಳು.

ತಾಲೀಮಿನ ಫಲವಾಗಿ ಕಾರ್ಬನ್ ಹಾಳೆ ಇಟ್ಟು ಬರೆದ ನಾಲ್ಕು ವೇಳಾಪಟ್ಟಿ ನಮ್ಮ ಕೈಸೇರಿದವು. ಹೋಗಲು ರೈಲು, ಬರಲು ಬಸ್ಸು. ಶೋಭಾಗೆ ಮುಂದಿನ ಸೀಟು. ಯಾವ ಖಾನಾವಳಿಯ ಫ್ಯಾನು ತಿರುಗುತ್ತದೆ, ಯಾವುದು ಬರೀ ಸದ್ದು ಮಾಡುತ್ತದೆ ಎಂಬುದೂ ಅದರಲ್ಲಿತ್ತು. ವಸತಿಗೆ ಮಾಲಕನ ಹೆಂಡತಿ ಅಲ್ಲೇ ವಾಸವಿದ್ದ ಲಾಡ್ಜು, ಅದೂ ಮೆಟ್ಟಿಲು ಹತ್ತಬೇಕಿಲ್ಲದ ಕೆಳಗಿನ ಕೋಣೆ. "ಮ್ಯಾಲಿನ ಕೋಣಿ ಕಾಯ್ತಾವ, ತಂಪಿರೂದಿಲ್ಲ" ಎಂದು ಗಿರಿಜಾಳ ಎದುರಿಗೇ ಸುಳ್ಳು ಕಾರಣ ಕೊಟ್ಟಳು. ಎಲ್ಲಕ್ಕಿಂತ ಕೆಳಗೆ ಒಂದು ಸೂಚನೆ: "ಅಳುವುದಿದ್ದರೆ ಶನಿವಾರವೇ ಮುಗಿಸಿಕೊಳ್ಳತಕ್ಕದ್ದು. ರವಿವಾರ ಕಣ್ಣು ಬಾತರೆ ಫೋಟೊ ಕೆಡುತ್ತದೆ."

ಆ ಎರಡು ದಿನ ನಾವು ನಕ್ಕದ್ದನ್ನು ಏನೆಂದು ಹೇಳಲಿ! ಸೀರೆ ಅಂಗಡಿಗೆ ಕಾಲಿಟ್ಟರೆ ಕೇಳುವ ಮೊದಲೇ ಗಿರಿಜಾಗೆ ಸ್ಟೂಲು ಬಂತು. "ನೀವು ಎರಡನೇ ಬ್ಯಾಚಿನವರಲ್ರಿ? ಮೊದಲನೇ ಬ್ಯಾಚಿನ ಅಮ್ಮಾರು ಹೇಳಿಹೋಗ್ಯಾರ" ಎಂದ ಅಂಗಡಿಯವನು. ಖಾನಾವಳಿಯಲ್ಲಿ ಸುಮಂಗಲಾಳ ಎಲೆಗೆ ಖಾರವಿಲ್ಲದ ಪಲ್ಯ ತಾನಾಗಿ ಬಿತ್ತು. ಲಾಡ್ಜಿನ ಒಡತಿ, "ಮದುಮಗಳು ಯಾರವಾ? ಹೋದ ವಾರದಾಕಿಗಿಂತ ನೀ ಸ್ವಲ್ಪ ಸಣ್ಣಾಕಿ ಅದೀ ಬಿಡು" ಎಂದಾಗ ನಾವು ಮಂಚದ ಮೇಲೆ ಬಿದ್ದು ಉರುಳಾಡಿ ನಕ್ಕೆವು. ಅಳಲು ಗೊತ್ತುಮಾಡಿದ ವೇಳೆಯನ್ನೂ ನಗುವುದರಲ್ಲೇ ಕಳೆದೆವು.

ರವಿವಾರ ಕೊನೆಯದಾಗಿ ಉಣಕಲ್ ಕೆರೆ. ಪಟ್ಟಿಯ ಪ್ರಕಾರ ನಾಲ್ಕಕ್ಕೆ ಕೂತು, ಗಿರಮಿಟ್ ತಿಂದು, ನಾಲ್ಕು ನಲವತ್ತಕ್ಕೆ ಏಳಬೇಕು. ಐದೂ ಕಾಲಿಗೆ ಬಸ್ಸು. ದಂಡೆಯ ಮೇಲೆ ಗಿರಮಿಟ್ ಕಲಸಿಕೊಡುತ್ತಿದ್ದ ಹೆಂಗಸು ನಮ್ಮ ಕೈಯಲ್ಲಿದ್ದ ಪಟ್ಟಿ ನೋಡಿ ಗುರುತು ಹಿಡಿದಳು.

"ಇಂಥಾದ ಹಾಳಿ ಹಿಡ್ಕೊಂಡು ಹೋದ ವಾರ ನಾಕು ಮಂದಿ ಬಂದಿದ್ರವಾ. ನಲವತ್ತು ನಿಮಿಷ ಅಷ್ಟ ಅಂತ ಕುಂತವರು ಕತ್ತಲಾಗೂ ತನಕ ಏಳಲಿಲ್ಲ. ಒಬ್ಬರಿಗೊಬ್ಬರು ಏನು ಬೈತಿದ್ರು, ಏನು ನಗತಿದ್ರು! ಆಮ್ಯಾಲೆ ಅಳಾಕ ಹತ್ತಿದ್ರು."

"ಯಾಕಂತ?"

"ಸಣ್ಣವರಿದ್ದಾಗಿನ ಸಾಲಿ ಗೆಳತ್ಯಾರಂತ. ಮದುಮಗಳಾದಾಕಿ ಬ್ಯಾಡಗ್ಯಾಗ, ಉಳಿದವರು ಹಾವೇರಿ, ರಾಣೆಬೆನ್ನೂರು, ಗುತ್ತಲದಾಗ. ಆಕಿ ಲಗ್ನದಾಗ ಕಡೀಕ ನಾಕೂ ಮಂದಿ ಕೂಡಿದ್ದರಂತ. ಅದಾಗಿ ನಲವತ್ತು ವರ್ಷಂತ."

ಬ್ಯಾಡಗಿಯಿಂದ ಹಾವೇರಿಗೆ ಒಂದು ತಾಸಿನ ಹಾದಿ. ರಾಣೆಬೆನ್ನೂರೂ ಅಷ್ಟೇ. ಗುತ್ತಲಕ್ಕೆ ಹಾವೇರಿಯಲ್ಲಿ ಬಸ್ಸು ಬದಲಿಸಿದರೆ ಆಯಿತು. "ಇಲ್ಲೇ ಹಾವೇರಿ ಅಲ್ಲೇನಲೇ, ತಿಂಗಳಿಗೊಮ್ಮೆ ಭೆಟ್ಟಿ ಆಗೂಣು" ಎಂದು ಬೆಳಿಗ್ಗೆಯಷ್ಟೇ ನಾನು ಜಂಬದಿಂದ ಹೇಳಿದ್ದೆ. ಆ ಒಂದು ತಾಸಿನ ಹಾದಿ ಸಾಗಲು ಅತ್ತೆಗೆ ನಲವತ್ತು ವರ್ಷ ಹಿಡಿದಿತ್ತು. ಅದಕ್ಕೂ ನನ್ನ ಪ್ರವಾಸದ ನೆಪ ಬೇಕಾಯಿತು! ಗಿರಿಜಾ ನನ್ನ ಕೈ ಹಿಡಿದುಕೊಂಡಳು. ನಾಲ್ಕು ನಲವತ್ತಾಯಿತು, ಐದಾಯಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ಏಳಲಿಲ್ಲ.

ಐದೂವರೆಗೆ ನನಗೆ ಅಪ್ಪನ ಕರಾರು ನೆನಪಾಯಿತು. ಅತ್ತೆ ಜಗುಲಿ ಮುಟ್ಟಿ ಕೊಟ್ಟ ಮಾತನ್ನು ನಾನು ಮುರಿದಿದ್ದೆ. ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಓಡಿ ಮನೆಗೆ ಫೋನು ಹಚ್ಚಿದೆ. ಎತ್ತಿದ್ದು ಅತ್ತೆಯೇ, ನಮ್ಮ ದಾರಿ ಕಾಯಲು ಆಗಲೇ ಬಂದು ಕೂತಿದ್ದಳು.

"ಅತ್ತೀ, ಬಸ್ ಹೋತು."

"ತಪ್ಪಿತೋ, ನೀವ ಬಿಟ್ರೋ?"

ಸುಳ್ಳು ಹೇಳಲಾಗಲಿಲ್ಲ. "ಬಿಟ್ವಿ. ಕೆರೀ ದಂಡಿಮ್ಯಾಲೆ ಕುಂತಿದ್ವಿ."

ಆ ಕಡೆ ಹಿಂದಿನಿಂದ ಅಪ್ಪನ ದನಿ, "ಯಾರದು? ಎಲ್ಲೀತನಕ ಬಂದಾರಂತ?"

"ಬಸ್ ಕೆಟ್ಟೈತಂತ, ತಡಾ ಆಗತೈತಿ. ನಾ ಮಾತಾಡಾಕತ್ತೇನಿ, ನೀ ಸುಮ್ನ ಕುಂದರು" ಎಂದು ಅವರನ್ನು ಗದರಿ ಅತ್ತೆ ಮತ್ತೆ ಫೋನಿಗೆ ಬಾಯಿ ಹಚ್ಚಿದಳು. "ನಾಕೂ ಮಂದಿ ಕೂಡೇ ಅದೀರಿಲ್ಲ?"

"ಅದೀವಿ ಅತ್ತೀ."

"ಹಂಗಾರ" ಎಂದು ದನಿ ತಗ್ಗಿಸಿದಳು, "ಮುಂದಿನ ಬಸ್ಸೂ ಬಿಡ್ರಿ."