ಹಡಗು ಕಂಪೆನಿಯ ಚರಿತ್ರೆ ಹೇಳಿದ ಮಧ್ಯಾಹ್ನ

ಕೇಳುವವರು ಸಿಕ್ಕರೆ ನಿಲ್ಲಿಸದೆ ಹೇಳುವುದು ಮಾಷ್ಟ್ರುಗಳಿಗೆ ಹಿಡಿಯುವ ಕಾಯಿಲೆ. ನಿವೃತ್ತಿಯಾದ ಮೇಲೆ ಅದು ಜೋರಾಗುತ್ತದೆ. ಕಡಬದ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದ ನಾನು ಈಗ ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ. ಹಾಗಿರುವಾಗ ಅವಳ ತಮ್ಮ, ಐವರ್ನಾಡಿನ ಚಿನ್ನಪ್ಪ, "ಭಾವ, ನಮ್ಮ ಹಡಗು ಕಂಪೆನಿಗೆ ಸೇರಿ. ಬಂದವರ ಹತ್ತಿರ ನಾಲ್ಕು ಮಾತಾಡಿದರೆ ಸಾಕು" ಎಂದಾಗ ತಕ್ಷಣ ಒಪ್ಪಿದೆ. ನನಗೆ ಈಜು ಬಾರದು ಎಂಬುದು ಆಗ ನೆನಪಾಗಲಿಲ್ಲ.

ಹಡಗು ಎಂದರೆ ತೀರಾ ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಕುಮಾರಧಾರೆ ಹೊಳೆಗೆ ಸೇತುವೆ ಬಂದ ಮೇಲೆ ಕೆಲಸವಿಲ್ಲದೆ ದಡದಲ್ಲಿ ಕವುಚಿ ಬಿದ್ದಿದ್ದ ಹಳೆಯ ದೋಣಿಯೊಂದಕ್ಕೆ ಚಿನ್ನಪ್ಪ ಪ್ಲಾಸ್ಟಿಕ್ ಕುರ್ಚಿ ಇಟ್ಟು ಜನರನ್ನು ತಿರುಗಾಡಿಸತೊಡಗಿದ. ಅದೇ ಕಂಪೆನಿಯ ಹುಟ್ಟು. ಮದುವೆಗೆ ಮೊದಲು ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬರತೊಡಗಿದ ಮೇಲೆ ದೋಣಿಗೆ ನೆರಳಿಗೊಂದು ಮಾಡು ಬಂತು, ಇಂಜಿನ್ ಬಂತು. ಒಂದು ಮಳೆಗಾಲದಲ್ಲಿ ಅದು ಮುಳುಗಿತು. ಆಮೇಲೆ ಬೇರೆ ಎರಡು ದೋಣಿ ಜೋಡಿಸಿ, ಹಲಗೆ ಹಾಸಿ, ಸುತ್ತ ಕಂಬಿ ಹಾಕಿ, ಬಿಳಿ ಬಣ್ಣ ಬಳಿದದ್ದೇ ಈಗಿನ ಹಡಗು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಜ್ಜಾವರದ ಮನೆಯವರು ಮಗಳ ನಿಶ್ಚಿತಾರ್ಥ ಮುಗಿಸಿ, ಪುತ್ತೂರಿನ ಗಂಡಿನ ಕಡೆಯವರನ್ನೂ ಕರೆದುಕೊಂಡು ಹಡಗು ಹತ್ತಿದರು. ಲೈಫ್ ಜಾಕೆಟ್ ಹಾಕಿದರೆ ಪಟ್ಟೆ ಸೀರೆ ಕಾಣುವುದಿಲ್ಲವೆಂದು ಎಲ್ಲರೂ ಅದನ್ನು ಬಿಚ್ಚಿ ಕುರ್ಚಿಯಡಿಗೆ ತಳ್ಳಿದ್ದರು. ನಡುಹೊಳೆಯಲ್ಲಿ ಇಂಜಿನ್ ಒಮ್ಮೆ ನರಳಿ ನಿಂತಿತು. ಹಡಗು ಮೆಲ್ಲಗೆ ಅಡ್ಡ ತಿರುಗಿ ನೀರಿನ ಸೆಳೆತಕ್ಕೆ ಸಿಕ್ಕಿತು. ಹೊಳೆ ಹರಿಯುವ ಕಡೆ ಸ್ವಲ್ಪ ದೂರದಲ್ಲಿ ಕಪ್ಪು ಬಂಡೆಗಳು ಕಾಣುತ್ತಿದ್ದವು.

ಚಿನ್ನಪ್ಪ ನನ್ನ ಕಿವಿಯಲ್ಲಿ ಹೇಳಿದ, "ಇಂಜಿನಿನ ಫ್ಯಾನಿಗೆ ಯಾರದೋ ಬಲೆ ಸುತ್ತಿದೆ ಭಾವ. ನಾನು ಇಳಿದು ಕೊಯ್ಯಬೇಕು. ಅಷ್ಟು ಹೊತ್ತು ಯಾರೂ ಏಳದ ಹಾಗೆ ನೋಡಿ. ಎಲ್ಲರೂ ಒಂದೇ ಬದಿಗೆ ಬಂದರೆ ಮಗುಚುದು."

"ಎಂತ ಹೇಳುದು ಅವರಿಗೆ?"

"ಕಂಪೆನಿಯ ಚರಿತ್ರೆ ಹೇಳಿ."

ಅವನು ಸೊಂಟಕ್ಕೆ ಹಗ್ಗ ಕಟ್ಟಿ, ಕತ್ತಿ ಹಿಡಿದು ನೀರಿಗಿಳಿದ. ನಾನು ಕಂಬಿ ಹಿಡಿದು ಸುರು ಮಾಡಿದೆ. ಯಾವ ರಾಜವಂಶದ ಬಗ್ಗೆಯೂ ನಾನು ಅಷ್ಟು ವಿಸ್ತಾರವಾಗಿ ಪಾಠ ಮಾಡಿದವನಲ್ಲ. ಕಂಪೆನಿಯ ಬೆಳವಣಿಗೆಯಲ್ಲಿ ಲೈಫ್ ಜಾಕೆಟಿನದು ಮುಖ್ಯ ಘಟ್ಟ, ಅದನ್ನು ಈಗ ಎಲ್ಲರೂ ಕುಳಿತಲ್ಲಿಯೇ ಹಾಕಿ ನೋಡಬೇಕು ಎಂದೆ. ಎಲ್ಲರೂ ಕುರ್ಚಿಯಡಿಯಿಂದ ಎಳೆದು ಹಾಕಿಕೊಂಡರು. ಹುಡುಗಿಯ ಅಜ್ಜಿ ಮಾತ್ರ ಕೇಳಿದರು, "ಆ ಮೊದಲಿನ ದೋಣಿ ಈಗ ಎಲ್ಲಿ ಉಂಟು ಮಾಷ್ಟ್ರೆ?"

"ಇಲ್ಲಿಯೇ ಉಂಟು ಅಮ್ಮ."

"ಕಾಣುದಿಲ್ಲವಲ್ಲ."

"ಸ್ವಲ್ಪ ಕೆಳಗೆ."

ಅಜ್ಜಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಉಳಿದವರ ಕಡೆ ತಿರುಗಿದರು. ಬಂಡೆ ಹತ್ತಿರವಾಗುತ್ತಿತ್ತು. ನಾನು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಆಗ ಕಂಬಿಯ ಪಕ್ಕ ಕುಳಿತಿದ್ದ ಹುಡುಗಿ ಕುರ್ಚಿಯಿಂದ ಜಾರಿ ಮೊಣಕಾಲೂರಿ, ಕಾಲ ಬುಡದಲ್ಲಿದ್ದ ಬಿದಿರಿನ ಗಳವನ್ನು ಎತ್ತಿ ಬಂಡೆಗೆ ಊರಿ ನೂಕಿದಳು. ಅವಳು ಬೀಳದ ಹಾಗೆ ಹುಡುಗ ಹಿಂದಿನಿಂದ ಸೊಂಟ ಬಳಸಿ ಹಿಡಿದ. ಬೇರೆ ಸಮಯವಾಗಿದ್ದರೆ ಎರಡೂ ಕಡೆಯ ಹಿರಿಯರು ಕೆಮ್ಮುತ್ತಿದ್ದರು. ಈಗ ಉಸಿರೂ ಬಿಡಲಿಲ್ಲ. ಗಳ ಬಿಲ್ಲಿನ ಹಾಗೆ ಬಗ್ಗಿತು, ಹಡಗಿನ ಮೂತಿ ಬಂಡೆಯನ್ನು ಉಜ್ಜಿಕೊಂಡು ಆಚೆ ಸರಿಯಿತು. ಅಷ್ಟರಲ್ಲಿ ಚಿನ್ನಪ್ಪ ಬಲೆಯ ತುಂಡು ಹಿಡಿದು ಮೇಲೆ ಬಂದು ಇಂಜಿನಿನ ಹಗ್ಗ ಎಳೆದ. ಎರಡು ಸಲ ಕೆಮ್ಮಿ ಅದು ಸ್ಟಾರ್ಟ್ ಆಯಿತು.

ದಡದಲ್ಲಿ ಎಲ್ಲರೂ ಹುಡುಗಿಯನ್ನು ಸುತ್ತುವರಿದರು. ಚಿನ್ನಪ್ಪನ ಬೆನ್ನು ತಟ್ಟಿದರು. ನನ್ನ ಕಡೆ ಯಾರೂ ಬಾರದಿದ್ದಾಗ, ಇಷ್ಟು ಜನರನ್ನು ಅಲ್ಲಾಡದ ಹಾಗೆ ಕೂರಿಸಿದ್ದು ನನ್ನ ಮಾತೇ ಅಲ್ಲವೇ ಎಂದು ನಾನೇ ಅಜ್ಜಿಯ ಹತ್ತಿರ ಹೋಗಿ, "ಚರಿತ್ರೆ ಹೇಗಿತ್ತು ಅಮ್ಮ?" ಎಂದು ಕೇಳಿದೆ.

"ಅದನ್ನು ಯಾರು ಕೇಳಿದ್ದಾರೆ ಮಾರಾಯ್ರೆ?" ಅಜ್ಜಿ ನನ್ನ ಕೈ ಹಿಡಿದು ಸಮಾಧಾನದ ದನಿಯಲ್ಲಿ ಹೇಳಿದರು. "ನಿಮ್ಮ ಕಾಲು ನಡುಗುದು ಕಂಡು, ಯಾರಾದರೂ ಎದ್ದರೆ ಈ ಮಾಷ್ಟ್ರು ಹೊಳೆಗೆ ಬೀಳ್ತಾರೆ, ಅಲ್ಲಾಡಬೇಡಿ ಅಂತ ನಾನೇ ಎಲ್ಲರಿಗೂ ಕಣ್ಣುಸನ್ನೆ ಮಾಡಿದ್ದು."

ನಾನು ಕೆಳಗೆ ನೋಡಿಕೊಂಡೆ. ಗಟ್ಟಿ ನೆಲದ ಮೇಲೆ ನಿಂತಿದ್ದರೂ ಕಾಲು ನಡುಗುತ್ತಲೇ ಇತ್ತು.