ಹೆಸರು ಕೊರೆದ ಸೀಡಿ

ವಿಶ್ವಾರಾಧ್ಯನ ತಲೆ ಕೆಡಿಸಿದ್ದು ಬಜ್ಜಿ ಕಟ್ಟಿಕೊಟ್ಟಿದ್ದ ಪತ್ರಿಕೆಯ ತುಂಡು. ಟೀವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಯನ್ನು ಕಂಪನಿಗಳು ಬೇಕೆಂದೇ ನಷ್ಟಕ್ಕೆ ಮಾರಿ, ಆಮೇಲೆ ಆಟದ ಸೀಡಿಗಳಲ್ಲಿ ಲಾಭ ಬಾಚಿಕೊಳ್ಳುತ್ತವೆ ಎಂದು ಅದರಲ್ಲಿತ್ತು. ಅಣ್ಣಾ ನಗರ್‌ನಲ್ಲಿ ಮಾವ ಇಟ್ಟುಕೊಟ್ಟ ಪಾತ್ರೆ ಅಂಗಡಿಯಲ್ಲಿ ಹತ್ತು ವರ್ಷ ಲೋಟ ಒರೆಸಿದವನಿಗೆ ಅದು ತನಗೆಂದೇ ಬರೆದಂತೆ ಕಂಡಿತು. 2003ರ ದೀಪಾವಳಿಗೆ ಸ್ಟೀಲ್ ತರಿಸಲು ಇಟ್ಟಿದ್ದ ಹಣದಲ್ಲಿ ಹನ್ನೆರಡು ಪೆಟ್ಟಿಗೆ, ಒಂದು ರಾಶಿ ಸೀಡಿ ತರಿಸಿಯೇಬಿಟ್ಟ. ಒಂಬತ್ತು ಸಾವಿರದ ಪೆಟ್ಟಿಗೆಗೆ ಎಂಟು ಸಾವಿರ ಎಂದು ಬೋರ್ಡೂ ಹಾಕಿದ.

ಬೆಳಿಗ್ಗೆ ಮಾವ ಮಹಾಲಿಂಗಪ್ಪನವರು ಬಂದು ಬೋರ್ಡನ್ನು ಎರಡು ಸಲ ಓದಿದರು.

"ಕಂಪನಿಯೋರು ಸೀಡಿನೂ ತಾವೇ ಮಾಡ್ತಾರೆ ಅಳಿಯಂದ್ರೆ. ನೀವೇನ್ ಮಾಡ್ತೀರಿ?"

"ಮನೆಗೆ ಮೂರು ಸೀಡಿ ಹೋದ್ರೆ ನಷ್ಟ ತೀರೋಗುತ್ತೆ ಮಾವ. ನಾಲ್ಕನೇದ್ರಿಂದ ಬರೀ ಲಾಭ."

ಸಂಜೆ ಬರುತ್ತೇನೆ, ಲೆಕ್ಕ ಸರಿಕಾಣದಿದ್ದರೆ ನಾಳೆಯಿಂದ ಗಲ್ಲಾದಲ್ಲಿ ನಾನೇ ಕೂರುತ್ತೇನೆ ಎಂದು ಹೇಳಿ ಅವರು ಹೋದರು. ಅಳಿಯನಿಗೆ ಕಿಂಚಿತ್ತೂ ಅಳುಕಿರಲಿಲ್ಲ.

ಮಧ್ಯಾಹ್ನದೊಳಗೆ ಹನ್ನೆರಡೂ ಖಾಲಿ. ಎದುರು ಫ್ಲಾಟಿನ ರೈಲ್ವೆ ಶಿವರಾಮು ಅವರ ಹೆಂಡತಿ ಸುಗುಣಾ, ತಾನೊಂದು ಕೊಂಡು, ಹನ್ನೊಂದು ಮನೆಯವರನ್ನು ದಿಬ್ಬಣದಂತೆ ಕರೆತಂದಿದ್ದಳು. ಎಲ್ಲರೂ ಒಂದೊಂದೇ ಸೀಡಿ ಆರಿಸಿದರು. ವಿಚಿತ್ರವೆಂದರೆ, ಒಬ್ಬರು ಆರಿಸಿದ ಆಟವನ್ನು ಇನ್ನೊಬ್ಬರು ಮುಟ್ಟಲಿಲ್ಲ.

"ಕಾರ್ ರೇಸ್ ನಾನ್ ತಗೊಂಡಿದೀನಿ, ನೀವು ಕ್ರಿಕೆಟ್ ತಗೊಳ್ಳಿ," ಎಂದು ಸುಗುಣಾ ಪಕ್ಕದವಳಿಗೆ ತಮಿಳು ಬೆರೆಸಿ ಪಿಸುಗುಟ್ಟಿದಳು. "ಆಮೇಲೆ ಮಾತ್ತಿ ಮಾತ್ತಿ ಆಡ್ಕೊಳ್ಳೋಣ."

ವಿಶ್ವಾರಾಧ್ಯ ಅದನ್ನು ಕೇಳಿಸಿಕೊಂಡ. ಹನ್ನೆರಡು ಮನೆಯವರು ಅದಲುಬದಲು ಮಾಡಿಕೊಂಡರೆ ಎರಡನೇ ಸೀಡಿ ಯಾರಿಗೆ ಬೇಕು? ಆದರೆ ಅವನ ತಲೆ ಸುಮ್ಮನೆ ಕೂರುವಂಥದ್ದಲ್ಲ. ಪಾತ್ರೆಗೆ ಹೆಸರು ಕೊರೆಯುವ ಮಿಷನ್ ಕಣ್ಣಿಗೆ ಬಿತ್ತು. ತನ್ನ ಹೆಸರಿರುವ ವಸ್ತುವನ್ನು ಯಾರು ತಾನೇ ಇನ್ನೊಬ್ಬರ ಕೈಗೆ ಕೊಟ್ಟಾರು? ಹೆಸರು ಕೊರೆಯುವುದು ಫ್ರೀ ಎಂದು ಘೋಷಿಸಿ, ಸೀಡಿಯ ನಡುತೂತಿನ ಸುತ್ತ, ಆಟಕ್ಕೆ ಧಕ್ಕೆಯಾಗದ ಜಾಗದಲ್ಲಿ, ಹನ್ನೆರಡೂ ಹೆಸರನ್ನು ಮುತ್ತಿನಂತೆ ಕೊರೆದುಕೊಟ್ಟ.

ಸಂಜೆ ಮಹಾಲಿಂಗಪ್ಪನವರು ಬಂದು ಸ್ಟೂಲಿನ ಮೇಲೆ ಕುಳಿತರು. ಹಿಂದೆಯೇ ಸುಗುಣಾ ಬಂದಳು.

"ನೋಡಿ ಮಾವ, ಎರಡನೇ ಸೀಡಿಗೆ ಬಂದ್ರು," ಎಂದ ವಿಶ್ವಾರಾಧ್ಯ.

"ಒಳ್ಳೆ ಕೆಲ್ಸ ಮಾಡಿದ್ರಿ ಸರ್," ಎಂದಳು ಆಕೆ. "ಯಾರ ಸೀಡಿ ಯಾರ ಮನೇಲಿ ಉಳ್ಕೊಳುತ್ತೋ ಅಂತ ಎಲ್ರೂ ಹಿಂದೇಟು ಹಾಕ್ತಿದ್ರು. ಈಗ ಹೆಸರಿದೆಯಲ್ಲ, ಪಾತ್ರೆ ಥರ ಎಲ್ಲಿಗ್ ಹೋದ್ರೂ ವಾಪಸ್ ಬರುತ್ತೆ. ಧೈರ್ಯವಾಗಿ ಕೊಟ್ಕೊಳ್ತಾ ಇದೀವಿ."

ಊರಿಗೆಲ್ಲ ಎರವಲು ಕೊಡಬೇಕಾಗುತ್ತದೆಂದೇ ಜನ ಪಾತ್ರೆಗೆ ಹೆಸರು ಕೊರೆಸುವುದು. ಹತ್ತು ವರ್ಷ ಅದನ್ನೇ ಕೊರೆದವನಿಗೆ ಅದು ಈಗ ಹೊಳೆಯಿತು. ಮಹಾಲಿಂಗಪ್ಪನವರು ಸ್ಟೂಲಿನಿಂದ ಎದ್ದು ಗಲ್ಲಾದಲ್ಲಿ ಕುಳಿತರು. ನಾಳೆಯವರೆಗೂ ಕಾಯಲಿಲ್ಲ.

ಸುಗುಣಾ ಬಂದದ್ದು ಹನ್ನೆರಡು ಸೀಡಿ ಹಿಡಿಸುವ ಒಂದು ಸ್ಟೀಲ್ ಡಬ್ಬಿಗೆ. ಚೌಕಾಸಿ ಮಾಡಿದ ಮೇಲೂ ಅದರಲ್ಲಿ ಹದಿನೈದು ರೂಪಾಯಿ ಉಳಿಯಿತು. ಆ ದಿನ ಲಾಭ ಬಂದದ್ದು ಅದೊಂದರಲ್ಲೇ.

"ಹೆಸರು ಕೊರೀರಿ ಅಳಿಯಂದ್ರೆ," ಎಂದರು ಮಾವ, ಹಣ ಎಣಿಸುತ್ತ.

"ಯಾರ ಹೆಸರು?"

"ಪೊದು ಅಂತ ಹಾಕಿ ಸರ್," ಎಂದಳು ಸುಗುಣಾ. "ಅಂದ್ರೆ, ಎಲ್ಲಾರ್ದೂ."