ಕಮಲಾಪುರದ ಅಳಿಯನ ಮೈಕ್ ಸೆಟ್

ಶಿವಕಾಂತಮ್ಮನ ಸಂಕಟಕ್ಕೆಲ್ಲ ಮೂಲ, ಹನ್ನೆರಡು ವರ್ಷಗಳ ಹಿಂದೆ ಅವಳ ಅತ್ತೆ ಹೇಳಿದ ಒಂದು ಸಣ್ಣ ಸುಳ್ಳು. ಬಲ್ಬಿನಂಥ ಗಾಜಿನ ವಾಲ್ವುಗಳಿದ್ದ ಮನೆಯ ಹಳೇ ರೇಡಿಯೋ ಸತ್ತು ಮಲಗಿದಾಗ ಸೊಸೆ ಅದನ್ನು ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಹಾಡಿಸಿದ್ದಳು. ತವರೂರು ಕಮಲಾಪುರದಲ್ಲಿ, ಈಗ ತೀರಿಹೋದ ಅವಳಪ್ಪನದು ಮೈಕ್ ಸೆಟ್ಟಿನ ಅಂಗಡಿಯಿತ್ತು. ಲಟ್ಟಣಿಗೆಗಿಂತ ಮೊದಲು ಅವಳ ಕೈಗೆ ಬಂದದ್ದು ಸೋಲ್ಡರಿಂಗ್ ಐರನ್. ಆದರೆ "ಯಾರು ರಿಪೇರಿ ಮಾಡಿದ್ರು?" ಎಂದು ಪಕ್ಕದ ಮನೆಯ ಸೂಗಮ್ಮ ಕೇಳಿದಾಗ, ಸೊಸೆ ವೈರು ಹಿಡಿದಳೆಂದರೆ ಮನೆತನದ ಮರ್ಯಾದೆ ಏನಾದೀತೆಂದು ಅತ್ತೆ ಮಗನ ಕಡೆ ಕೈ ತೋರಿಸಿ, "ನಮ್ಮ ಮಲ್ಲಣ್ಣ" ಎಂದುಬಿಟ್ಟಳು.

ಅಂದಿನಿಂದ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮಲ್ಲಣ್ಣ ವಾಲ್ವ್ ಮಾಸ್ತರನಾದ. ಬಲ್ಬು ಬದಲಿಸಲೂ ಹೆದರುವ ಈ ಗುಮಾಸ್ತ, "ನಾ ರಿಪೇರಿ ಮಾಡುವಾಗ ಯಾರೂ ನೋಡಬಾರ್ದು, ವಾಲ್ವಿಗಿ ದೃಷ್ಟಿ ತಗಲ್ತದ" ಎಂದು ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಪೇಪರ್ ಓದುತ್ತಿದ್ದ. ಹೆಂಡತಿ ಚಹಾ ಕೊಡುವ ನೆಪದಲ್ಲಿ ಹೋಗಿ ಕೆಲಸ ಮುಗಿಸುತ್ತಿದ್ದಳು. ಮೊದಮೊದಲು ಅವಳಿಗದು ಒಂದು ಆಟ. ವಾಲ್ವುಗಳು ಮೆಲ್ಲಗೆ ಕೆಂಪೇರಿ, ಸತ್ತ ಪೆಟ್ಟಿಗೆಗೆ ಉಸಿರು ಬರುವ ಆ ಗಳಿಗೆ ಅವಳ ಪಾಲಿಗೆ ಹಬ್ಬ. ಆದರೆ ಅದೇ ಗಳಿಗೆಗೆ ಹೊರಗಿನಿಂದ "ಭಲೇ ಮಲ್ಲಣ್ಣ!" ಎಂಬ ಕೂಗು ಕೇಳಿದರೆ ಎದೆಯಲ್ಲಿ ಬೆಸುಗೆಯ ಹನಿ ಬಿದ್ದಂತೆ ಚುರ್ ಎನ್ನುತ್ತಿತ್ತು.

ಸಾವಿರದ ಒಂಬೈನೂರ ತೊಂಬತ್ತೊಂದರ ಒಂದು ಆದಿತ್ಯವಾರ ಬೆಳಿಗ್ಗೆ, ಕಮಲಾಪುರದ ಭಜನಾ ಸಂಘದ ದೌಲಪ್ಪಕಾಕಾ ಸಂಘದ ವಾಲ್ವ್ ಆಂಪ್ಲಿಫಾಯರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು.

"ಅಳಿಯಾರ, ಸಂಜೀಕ ಸಂಘದ ವಾರ್ಷಿಕೋತ್ಸವ ಅದ. ಈ ಸೆಟ್ ನೋಡಿದ್ರ ಗಂಟಲಿಗಿ ಮುಳ್ಳು ಸಿಕ್ಕವರಂಗ ಖರಖರ ಅನ್ನಾಕತ್ತದ. ಹನ್ನೆರಡು ವರ್ಷ ಇದನ್ನ ಹಾಡಿಸೀರಿ. ಇವತ್ತು ನಿಮಗ ಊರ ಮುಂದ ಶಾಲು ಹೊದಿಸ್ತೀವಿ."

ಶಿವಕಾಂತಮ್ಮ ಚಹಾದ ಬಟ್ಟಲನ್ನು ಠಪ್ಪನೆ ಕೆಳಗಿಟ್ಟಳು. ತವರೂರಿನ ಶಾಲು! ಅದೂ ಅವಳ ಕೆಲಸಕ್ಕೆ, ಅವನ ಹೆಗಲಿಗೆ! ಇವತ್ತು ಊರ ಮುಂದೆ ಖರೇ ಹೇಳಿಯೇಬಿಡಬೇಕೆಂದು ಅವಳು ಅಲ್ಲೇ ನಿಶ್ಚಯಿಸಿದಳು.

ಶಾಲಿನ ಹುಮ್ಮಸ್ಸಿನಲ್ಲಿ ಮಲ್ಲಣ್ಣ ಕೋಣೆಯೊಳಗೆ ತಾನೇ ಮುಚ್ಚಳ ಬಿಚ್ಚಿದ. ಪ್ಲಗ್ ಕಿತ್ತರೂ ದೊಡ್ಡ ಕಂಡೆನ್ಸರಿನ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತದೆಂಬುದು ಅವನಿಗೆಲ್ಲಿ ಗೊತ್ತು? ಬೆರಳಿಟ್ಟ. ಮರುಕ್ಷಣ, ಒಗ್ಗರಣೆಯ ಸಾಸಿವೆಯಂತೆ ಚಟಾರನೆ ಹಾರಿ ಬೀರುವಿಗೆ ಬಡಿದ. ಬಲಗೈ ಊದಿಕೊಂಡಿತು. ಕೂಗು ಕೇಳಿ ಓಡಿಬಂದ ಸೂಗಮ್ಮ ಅರಿಸಿನ ಮೆತ್ತಿ, ಹಳೇ ಧೋತರ ಸುತ್ತಿ, ಆ ಕೈಯನ್ನು ಬಾಳೆಗೊನೆಯಷ್ಟು ಮಾಡಿದಳು.

"ಇನ್ನ ರಿಪೇರಿ ಯಾರು ಮಾಡ್ತಾರ?" ದೌಲಪ್ಪಕಾಕಾ ತಲೆ ಮೇಲೆ ಕೈಹೊತ್ತರು.

"ಯಾಕ, ಎಡಗೈ ಇಲ್ಲೇನು?" ಎಂದ ಮಲ್ಲಣ್ಣ.

ಶಿವಕಾಂತಮ್ಮನೂ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿತು. ಅವನು ಮಂಚದ ಮೇಲೆ ನರಳುತ್ತ ಬಿದ್ದುಕೊಂಡ. ಅವಳು ಕಂಡೆನ್ಸರಿನ ಕರೆಂಟು ಇಳಿಸಿ ಒಳಗೆ ಇಣುಕಿದಳು. ಸೋಮವಾರಕ್ಕೊಮ್ಮೆ ಭಜನೆಯವರು ಸೆಟ್ಟಿಗೆ ಬಳಿದ ವಿಭೂತಿಯೆಲ್ಲ ಉದುರಿ ವಾಲ್ಯೂಮ್ ಕಂಟ್ರೋಲಿನ ಹೊಟ್ಟೆ ಸೇರಿತ್ತು!

"ಶಿವಕಾಂತಾ, ಇಷ್ಟೊತ್ತು ನೀ ಒಳಗ ಏನು ಮಾಡಾಕತ್ತಿ?" ಬಾಗಿಲ ಸಂದಿಯಿಂದ ಸೂಗಮ್ಮನ ದನಿ.

"ಸ್ಕ್ರೂ ಹಿಡ್ಕೊಂಡೀನಕ್ಕ!"

"ಮತ್ತ ನಿನ್ನ ಸೆರಗಿನ ತುಂಬ ಸುಟ್ಟ ತೂತು ಹ್ಯಾಂಗ ಬಿದ್ದಾವ?"

"ರೊಟ್ಟಿ ಮಾಡುವಾಗ!"

"ರೊಟ್ಟಿ ಅಂಥಾ ಸಣ್ಣ ತೂತು ಮಾಡ್ತದೇನ?"

ಶಿವಕಾಂತಮ್ಮ ಮತ್ತೆ ಸೆಟ್ಟಿಗೆ ಬಾಗಿದಳು. ಅವಳು ಬೂದಿ ತೊಳೆದಳು, ಸೋರುತ್ತಿದ್ದ ಕಂಡೆನ್ಸರ್ ಕಿತ್ತು ಹೊಸದು ಬೆಸೆದಳು. ಈ ಸೆಟ್ಟಿನಲ್ಲಿ ಹೆಂಗಸರು ಹಾಡಿದರೆ ದನಿ ಮೂಗಿನಿಂದ ಬಂದಂತಿರುತ್ತದೆಂದು ಅವಳಿಗೆ ಬಹುದಿನದ ಬೇಸರವಿತ್ತು. ಅಪ್ಪ ಕಲಿಸಿದ್ದನ್ನು ನೆನೆದು ಅದನ್ನೂ ತಿದ್ದಿದಳು. ಸ್ವಿಚ್ ಒತ್ತಿದಳು. ವಾಲ್ವುಗಳು ಕೆಂಪೇರಿ, ದನಿ ಎಳನೀರಿನಂತೆ ತಿಳಿಯಾಗಿ ಹೊರಬಂತು.

"ಎಡಗೈಲೆ ಮಾಡ್ಯಾರ!" ದೌಲಪ್ಪಕಾಕಾ ಕಣ್ಣೊರೆಸಿಕೊಂಡರು.

ಸಂಜೆ ಕಮಲಾಪುರದ ಗುಡಿಯ ಮುಂದೆ ಇನ್ನೂರು ಜನ. ಶಾಲು ಬಿಚ್ಚುವಷ್ಟರಲ್ಲಿ ಶಿವಕಾಂತಮ್ಮ ಎದ್ದು ಮೈಕ್ ಹಿಡಿದಳು.

"ಹಿರಿಯಾರ, ಹನ್ನೆರಡು ವರ್ಷ ಈ ಸೆಟ್ ರಿಪೇರಿ ಮಾಡಿದಾಕಿ ನಾನು. ಇವ್ರಿಗಿ ಸ್ಕ್ರೂ ಯಾವ ಕಡಿ ತಿರುಗ್ತದ ಅಂಬೋದೂ ಗೊತ್ತಿಲ್ಲ!"

ಮಾತು ಅಕ್ಷರ ಅಕ್ಷರವೂ ಸ್ಪಷ್ಟವಾಗಿ ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ಮಲ್ಲಣ್ಣ ತನ್ನ ಬ್ಯಾಂಡೇಜಿನ ಹಿಂದೆ ಮುಖ ಮುಚ್ಚಿಕೊಂಡ. ಮುಂದಿನ ಸಾಲಿನಲ್ಲಿದ್ದ ಊರಿನ ಹಿರಿಮುದುಕಿ ಬಂಡಮ್ಮಾಯಿ ಬಾಯೊಳಗಿನ ಎಲೆಯಡಿಕೆ ಪಕ್ಕಕ್ಕೆ ಸರಿಸಿದಳು.

"ಗೊತ್ತದ, ಕುಂದರವ್ವ."

"ಗೊತ್ತದ?"

"ಊರಿಗೇ ಗೊತ್ತದ. ಆ ಬೆಸುಗಿ ನಿಮ್ಮಪ್ಪನ ಕೈ ಬೆಸುಗಿನೇ ಅಲ್ಲೇನು?"

"ಮತ್ತ ಶಾಲು ಇವ್ರಿಗ್ಯಾಕ?"

"ಹುಚ್ಚಿ! ಮನಿಮಗಳ ಕೈಲೆ ಊರು ಚಾಕರಿ ಮಾಡಿಸ್ಕೋಬಾರ್ದು. ಮಗಳ ದುಡಿಮಿ ಉಂಡ ಊರು ಅಂತ ಆಡ್ಕೋತಾರ. ಅಳಿಯ ಮಾಡ್ಯಾನಂದ್ರ ಯಾರದೂ ತಕರಾರಿಲ್ಲ. ಈಗ ನೀ ಮೈಕಿನ್ಯಾಗ ಹೇಳಿಬಿಟ್ಟಿ. ಇನ್ನ ನಿಮ್ಮ ಮನಿಗಿ ಸೆಟ್ ತರಂಗಿಲ್ಲ ನೋಡವ್ವ."

ಶಿವಕಾಂತಮ್ಮನಿಗೆ ಕಾಲಡಿಯ ಜಮಖಾನೆಯನ್ನೇ ಎಳೆದಂತಾಯಿತು. ಹೆಸರು ಬೇಕೆಂದಿದ್ದಳು, ನಿಜ. ಆದರೆ ಬಿಸಿ ವಾಲ್ವಿನ ವಾಸನೆ ಇಲ್ಲದ ಆದಿತ್ಯವಾರಗಳನ್ನು ಅವಳು ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು.

ಅದನ್ನು ಕಂಡು ಹಿರಿಯರು ತಲೆಗೆ ತಲೆ ಸೇರಿಸಿ ಗುಸುಗುಸು ಮಾಡಿದರು. ಆಮೇಲೆ ದೌಲಪ್ಪಕಾಕಾ ಮೈಕಿಗೆ ಬಂದರು.

"ಈಗ ನಮ್ಮ ಮಗಳು ಏನೋ ಹೇಳಿದ್ಳು. ಸೆಟ್ ಖರಖರ ಅಂತು, ನನಗಂತೂ ಒಂದಕ್ಷರ ತಿಳೀಲಿಲ್ಲ. ನಿಮಗ್ಯಾರಿಗಾರ ತಿಳೀತೇನು?"

"ಇಲ್ಲ!" ಇನ್ನೂರು ಗಂಟಲು ಒಟ್ಟಿಗೇ ಕೂಗಿದವು.

"ಅಳಿಯಾರ, ಸೆಟ್ ಇನ್ನೂ ಸರಿಯಾಗಿಲ್ಲ. ಒಯ್ದು ನೋಡ್ರಿ." ಎನ್ನುತ್ತ ಶಾಲನ್ನು ಮಲ್ಲಣ್ಣನಿಗೇ ಹೊದಿಸಿದರು.

ಚೂರೂ ಕೆಡದ ಆಂಪ್ಲಿಫಾಯರನ್ನು ತೊಡೆಯ ಮೇಲಿಟ್ಟುಕೊಂಡು ಶಿವಕಾಂತಮ್ಮ ಟೆಂಪೋದಲ್ಲಿ ಕೂತಳು. ಅಳಬೇಕೋ ನಗಬೇಕೋ ತಿಳಿಯದೆ ಬಿಕ್ಕಿ ಬಿಕ್ಕಿ ನಗುತ್ತಿದ್ದಳು. ಪಕ್ಕದಲ್ಲಿ ಶಾಲು ಸರಿಪಡಿಸಿಕೊಳ್ಳುತ್ತ ಮಲ್ಲಣ್ಣ ಗಂಭೀರವಾಗಿ ಹೇಳಿದ:

"ನಗಬ್ಯಾಡ. ಮನಿಗಿ ಹೋದ ಕೂಡ್ಲೇ ಯಾವ ವಾಲ್ವ್ ಹೋಗ್ಯಾದ ನೋಡು. ಊರ ಮುಂದ ನನ್ನ ಹೆಸರು ಕೆಡ್ತದ."